ಅವಳನ್ನು ಕೇಳದೆ ಬರೆದ ಪತ್ರ

ಸನ್ಮಾನ ಬೇಡ ಎಂದು ಬರೆದ ಆ ಪತ್ರದ ಕೈಬರಹ ನನ್ನದು. ನಮ್ಮ ತಂಡದಲ್ಲಿ ಅಕ್ಷರ ಚೆನ್ನಾಗಿದ್ದದ್ದು ದೇವನೂರಿನವಳದು. ಆದರೂ ನಾನೇ ಬರೆಯುತ್ತೇನೆ ಎಂದು ಹಟ ಮಾಡಿ ಅವಳ ಕೈಯಿಂದ ಪೆನ್ನು ಕಿತ್ತುಕೊಂಡಿದ್ದೆ. ಆ ಪತ್ರದ ಫೋಟೋ ಈಗಲೂ ಕೆಲವರ ಫೋನಿನಲ್ಲಿದೆ. ಯಾರಾದರೂ ಅದನ್ನು ನನಗೇ ಕಳಿಸಿ, "ಎಂಥಾ ಧೈರ್ಯ ಕಣ್ರೀ ನಿಮ್ದು" ಎಂದು ಕೆಳಗೆ ಬರೆಯುತ್ತಾರೆ. ನಾನು ಉತ್ತರ ಕೊಡುವುದಿಲ್ಲ.

ನಾವು ಖೋ ಖೋ ಆಡುತ್ತಿದ್ದವರು. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಮುತ್ತ ಹುಡುಕಿ ತಂದ ಹನ್ನೆರಡು ಹುಡುಗಿಯರು. ಹುಡುಕಿ ತಂದವರು ನಮ್ಮ ಮೇಷ್ಟ್ರು. ಊರು ತರೀಕೆರೆ, ಕೆಲಸ ಅಜ್ಜಂಪುರದ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ. ಹೆಂಡತಿಗೆ ಫೋನ್ ಮಾಡಿದರೆ ದಖನಿ ಉರ್ದು, ನಮಗೆ ಬೈಯುವುದಕ್ಕೆ ಕನ್ನಡ, ಅಂಪೈರ್ ಜೊತೆ ಜಗಳಕ್ಕೆ ಇಂಗ್ಲಿಷ್. ಶಾಲೆಯ ಕೆಲಸಕ್ಕೂ ನಮ್ಮ ತಂಡಕ್ಕೂ ಸಂಬಂಧವಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಎಂಟೂವರೆವರೆಗೆ ನಮ್ಮನ್ನು ಓಡಿಸಿ, ಅಲ್ಲಿಂದ ಶಾಲೆಗೆ ಹೋಗುತ್ತಿದ್ದರು. ಹೆಸರುಗಳು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಊರುಗಳು ನಿಲ್ಲುತ್ತಿದ್ದವು. ಹಾಗಾಗಿ ನಮ್ಮನ್ನು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. "ದೇವನೂರು, ಬೆನ್ನು ಬಗ್ಸು!" "ಯಗಟಿ, ಕಂಬ ಬಿಡ್ಬೇಡ!" ಅಜ್ಜಂಪುರದವರು ನಾವು ಮೂವರಿದ್ದೆವು. ಗೊಂದಲ ಬೇಡವೆಂದು ನನ್ನನ್ನು ಕ್ಯಾಪ್ಟನ್ ಅಂದುಬಿಟ್ಟರು. ಕ್ಯಾಪ್ಟನ್ ಆಗಿದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ ಎಂದು ನಾವೆಲ್ಲ ನಗುತ್ತಿದ್ದೆವು.

ತಂಡದ ಜೀವ ಯಗಟಿಯವಳು. ನಾವೂ ಅವಳನ್ನು ಯಗಟಿ ಎಂದೇ ಕರೆಯುತ್ತಿದ್ದೆವು. ಖೋ ಖೋದಲ್ಲಿ ಎರಡು ತುದಿಗೆ ಎರಡು ಕಂಬ. ಓಡುವವಳು ಕಂಬದ ಹತ್ತಿರ ಸುಳಿದಾಗ ಅಟ್ಟಿಸಿಕೊಂಡು ಬಂದವಳು ಒಂದು ಕೈಯಲ್ಲಿ ಕಂಬ ಹಿಡಿದು, ಇಡೀ ಮೈಯನ್ನು ಗಾಳಿಗೆ ಎಸೆದು, ಇನ್ನೊಂದು ಕೈಯಿಂದ ಮುಟ್ಟಬೇಕು. ಅದನ್ನು ಅವಳ ಹಾಗೆ ಮಾಡುವವರನ್ನು ನಾನು ಆಮೇಲೆ ರಾಷ್ಟ್ರಮಟ್ಟದ ಪಂದ್ಯಗಳಲ್ಲೂ ನೋಡಲಿಲ್ಲ. ಮೈ ನೆಲಕ್ಕೆ ಬೀಳುವ ಮೊದಲೇ ಅವಳ ಕೈ ಮುಟ್ಟಿರುತ್ತಿತ್ತು. ಅವರ ಮನೆಯಲ್ಲಿ ಕುರಿ ಸಾಕಿದ್ದರು. ಒಮ್ಮೆ ಪತ್ರಿಕೆಯವರೊಬ್ಬರು ಬಂದು, "ಕುರಿ ಹಿಂದೆ ಓಡಿ ಓಡಿ ಕಲಿತಿದ್ದಾ?" ಎಂದು ಕೇಳಿದರು. ಅವಳು ತುಂಬಾ ಗಂಭೀರವಾಗಿ, "ಕುರಿ ಓಡಲ್ಲ ಸಾ, ಮೇಯ್ತವೆ. ನಾವು ಮರದ ಕೆಳಗೆ ಕೂತಿರ್ತೀವಿ" ಅಂದಳು. ಅದು ಪತ್ರಿಕೆಯಲ್ಲಿ ಬರಲಿಲ್ಲ.

ಯಗಟಿಯಿಂದ ದಿನಾ ಬೆಳಿಗ್ಗೆ ಆರಕ್ಕೆ ಅಜ್ಜಂಪುರ ತಲುಪುವುದು ಆಗದ ಮಾತು. ಆದ್ದರಿಂದ ಎರಡು ವರ್ಷ ಪಂದ್ಯಗಳ ಸೀಸನ್ನಿನಲ್ಲಿ ಅವಳು ನಮ್ಮ ಮನೆಯಲ್ಲೇ ಇದ್ದಳು. ನಮ್ಮಪ್ಪ ಈರುಳ್ಳಿ ಮಂಡಿಯಲ್ಲಿ ತೂಕ ಮಾಡುವವರು. ಎರಡು ಕೋಣೆಯ ಮನೆ. ಅವಳೂ ನಾನೂ ಒಂದೇ ಚಾಪೆ. ಅಮ್ಮ ಅವಳಿಗೆ ಮೊದಲು ಬಡಿಸುತ್ತಿದ್ದಳು. "ಅವ್ಳು ಬೇರೆ ಮನೆ ಮಗು ಕಣೇ, ಹಸ್ಕೊಂಡಿದ್ರೂ ಹೇಳಲ್ಲ" ಅನ್ನುತ್ತಿದ್ದಳು. ನಿಜವೇ. ತನಗೆ ಏನು ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ. ಅದನ್ನು ನಾನು ಅವಳ ಗುಣ ಅಂದುಕೊಂಡಿದ್ದೆ. ಕೇಳುವ ಕೆಲಸ ನಮ್ಮದು ಎಂದು ಹೊಳೆದಿರಲಿಲ್ಲ.

ನಾವು ಆಡುತ್ತಿದ್ದ ಜಾಗ ರೈಲ್ವೆ ಹಳಿಯ ಆಚೆಗಿನ ಒಂದು ಬಯಲು. ಸರ್ಕಾರಿ ಜಮೀನು. ಪಹಣಿಯಲ್ಲಿ ಅದು ಆಟದ ಮೈದಾನ ಎಂದೇನೂ ಇರಲಿಲ್ಲ. ಮೇಷ್ಟ್ರು ಮತ್ತು ನಾವು ಜಾಲಿ ಕಡಿದು, ಕಲ್ಲು ಹೆಕ್ಕಿ, ನೀರು ಹಾಯಿಸಿ ಹದ ಮಾಡಿಕೊಂಡಿದ್ದೆವು. ಬೀರೂರು ಕಡೆಯ ರೈಲು ಹೋಗುವಾಗ ಬಾಗಿಲಲ್ಲಿ ನಿಂತವರು ಕೈ ಬೀಸುತ್ತಿದ್ದರು. ಆ ಕ್ಷಣದಲ್ಲಿ ಯಾರಾದರೂ ಆ ಕಡೆ ನೋಡಿದರೆ ಮೇಷ್ಟ್ರು ಮೂರು ಸುತ್ತು ಓಡಿಸುತ್ತಿದ್ದರು.

ಒಂದು ವರ್ಷ ನಮ್ಮ ಕಡೆಗೆ ಒಬ್ಬ ದೊಡ್ಡ ನಾಯಕರು ಬರುವ ಕಾರ್ಯಕ್ರಮ ಗೊತ್ತಾಯಿತು. ಯಾವ ಪಕ್ಷ, ಯಾವ ಹುದ್ದೆ ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರು ಎರಡು ಪಾಲಾಗಿ ನನ್ನ ಗೆಳತಿಯನ್ನು ಮರೆತುಬಿಡುತ್ತಾರೆ. ಅವರು ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಊರಿಗೆ ಹತ್ತಿರ, ಸಮತಟ್ಟಾದ ಜಾಗ ನಮ್ಮದೇ. ಸೋಮವಾರ ಬೆಳಿಗ್ಗೆ ಹೋದಾಗ ಕಂಬಗಳು ಕಿತ್ತು ಬದಿಗೆ ಬಿದ್ದಿದ್ದವು. ಜಲ್ಲಿಯ ಲಾರಿ ನಿಂತಿತ್ತು. ಗುರುವಾರದ ಹೊತ್ತಿಗೆ ನಡುವೆ ಕಾಂಕ್ರೀಟಿನ ದೊಡ್ಡ ವೃತ್ತ, ಸುತ್ತ ಜಲ್ಲಿ. ನಾಯಕರು ಬಂದರು, ಇಪ್ಪತ್ತು ನಿಮಿಷ ಮಾತಾಡಿದರು, ಹೋದರು.

ಆಮೇಲೆ ಆ ಬಯಲನ್ನು ಮೊದಲಿನ ಹಾಗೆ ಮಾಡಿಕೊಡಿ ಎಂದು ಮೇಷ್ಟ್ರು ಅರ್ಜಿ ಹಿಡಿದು ಸುತ್ತಿದರು. ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಕೊನೆಗೆ ಯಾರೋ ಜೆಸಿಬಿ ಕಳಿಸಿ ಕಾಂಕ್ರೀಟನ್ನು ಒಡೆಸಿ, ದೊಡ್ಡ ತುಂಡುಗಳನ್ನು ಒಯ್ದು, ಉಳಿದದ್ದರ ಮೇಲೆ ಮಣ್ಣು ಎಳೆದು ಹೋದರು. ನಾವು ಹನ್ನೆರಡು ಜನ ವಾರಗಟ್ಟಲೆ ಬಕೆಟ್ ಹಿಡಿದು ಜಲ್ಲಿ ಹೆಕ್ಕಿದೆವು. ಮಳೆ ಬಂದಾಗಲೆಲ್ಲ ಹೊಸದು ಮೇಲೆ ಬರುತ್ತಿತ್ತು. ಕಂಬದ ಸುತ್ತ ಮಾತ್ರ ಮೇಷ್ಟ್ರು ತಾವೇ ಮಂಡಿಯೂರಿ ಕೈಯಿಂದ ಸವರಿ ಸವರಿ ನೋಡಿದ್ದರು. ಅಷ್ಟಾದರೂ ಒಂದು ತುಂಡು ಒಳಗೆ ಉಳಿದಿತ್ತು.

ಅದು ಸಿಕ್ಕಿದ್ದು ಯಗಟಿಯ ಮಂಡಿಗೆ. ಎಂದಿನ ಹಾಗೆ ಕಂಬ ಹಿಡಿದು ಎಗರಿದಳು. ಓಡುತ್ತಿದ್ದವಳು ನಾನೇ. ಅವಳ ಬೆರಳು ನನ್ನ ಬೆನ್ನಿಗೆ ತಗುಲಿದ್ದು ಗೊತ್ತಾಯಿತು. "ಔಟ್ ಕಣೇ!" ಎಂದು ಅವಳು ಕೂಗಿದ್ದೂ ಕೇಳಿಸಿತು. ನಾನು ನಗುತ್ತಾ ತಿರುಗಿದೆ. ಅವಳು ಎದ್ದಿರಲಿಲ್ಲ. ಮಂಡಿಯ ಕೆಳಗೆ ಮಣ್ಣಿನಿಂದ ಕಾಂಕ್ರೀಟಿನ ಮೂಲೆಯೊಂದು ಹೊರಗೆ ಕಾಣುತ್ತಿತ್ತು. ಅವಳು ಅಳಲಿಲ್ಲ. "ಸಾ, ಕಾಲು ನಂದಲ್ಲ ಅನ್ನಿಸ್ತೈತೆ" ಅಂದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಆಯಿತು. ನಡೆಯಬಹುದು, ಆಡುವುದು ಬೇಡ ಅಂದರು ಡಾಕ್ಟರು. ಮಂಡಿ ಪೂರ್ತಿ ಮಡಚುವುದಿಲ್ಲ ಅಂದರು. ಅವಳಿಗೆ ಇಪ್ಪತ್ತೊಂದು ವರ್ಷ.

ಆ ದಿನಗಳಲ್ಲಿ ನಾಯಕರು ಕಡೂರಿನ ಪ್ರವಾಸಿ ಮಂದಿರಕ್ಕೆ ಬರುತ್ತಾರೆ ಎಂದು ತಿಳಿದು, ಮೇಷ್ಟ್ರೂ ನಾನೂ ಹೋದೆವು. ಬೆಳಿಗ್ಗೆ ಒಂಬತ್ತಕ್ಕೆ ಹೋದವರು ಮಧ್ಯಾಹ್ನ ಎರಡರವರೆಗೆ ಗೇಟಿನ ಹತ್ತಿರ ನಿಂತೆವು. ಅವರು ಹೊರಗೆ ಬಂದಾಗ ಮೇಷ್ಟ್ರು ಜನರ ನಡುವೆ ನುಗ್ಗಿ ಅರ್ಜಿ ಕೊಟ್ಟರು. ನಾನು ಹೇಳಲು ಶುರು ಮಾಡಿದೆ: "ಸರ್, ನಿಮ್ಮ ಹೆಲಿಪ್ಯಾಡಿಗೆ ಅಂತ ನಮ್ಮ ಗ್ರೌಂಡು..." ಅವರು ನನ್ನ ತಲೆ ಮುಟ್ಟಿ, "ಆಯ್ತಮ್ಮ, ನೋಡೋಣ" ಅಂದರು. ಅರ್ಜಿ ಪಿ.ಎ. ಕೈಗೆ ಹೋಯಿತು. ಕಾರು ಹೋಯಿತು. ಆ ಬಗ್ಗೆ ಮತ್ತೆ ಯಾವ ಸುದ್ದಿಯೂ ಬರಲಿಲ್ಲ. ವಾಪಸ್ ಬಸ್ಸಿನಲ್ಲಿ ಮೇಷ್ಟ್ರು ಒಂದೇ ಮಾತು ಆಡಿದರು: "ತಲೆ ಮೇಲೆ ಕೈ ಇಟ್ರಲ್ಲ, ಅದು ನಂಗೆ ಸರಿ ಬರ್ಲಿಲ್ಲ."

ಯಗಟಿ ತನ್ನ ಊರಿಗೆ ಹೋದಳು. ಶುರುವಿನಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಆಮೇಲೆ ಅಭ್ಯಾಸ ಶುರುವಾಯಿತು. ಫೋನಿನಲ್ಲಿ ಮಾತಾಡುತ್ತಿದ್ದೆವು. ಅವಳು ಆಟದ್ದೇ ಕೇಳುತ್ತಿದ್ದಳು. ತನ್ನ ಜಾಗದಲ್ಲಿ ಯಾರು ಕಂಬಕ್ಕೆ ಹೋಗುತ್ತಿದ್ದಾರೆ, ಎಡಗೈಯಲ್ಲೋ ಬಲಗೈಯಲ್ಲೋ. ದೇವನೂರಿನವಳು ಎಂದಾಗ, "ಅವ್ಳಿಗೆ ಹೇಳು, ಕಣ್ಣು ಮುಚ್ಕೊಂಡ್ ಎಗರ್ತಾಳೆ. ಮುಚ್ಬಾರ್ದು" ಅಂದಳು.

ಮುಂದಿನ ವರ್ಷ ನಾವು ರಾಜ್ಯ ಚಾಂಪಿಯನ್ನರಾದೆವು. ಪಂದ್ಯಾವಳಿಗೆ ಕಳಿಸುವ ಪಟ್ಟಿಯಲ್ಲಿ ಮೇಷ್ಟ್ರು ಹನ್ನೆರಡನೆಯ ಹೆಸರಾಗಿ ಯಗಟಿಯದನ್ನೇ ಬರೆದಿದ್ದರು. ಬೇರೆಯವರನ್ನು ಸೇರಿಸಿಕೊಳ್ಳಿ ಎಂದು ಯಾರೋ ಹೇಳಿದ್ದಕ್ಕೆ, "ಹನ್ನೊಂದು ಜನ ಸಾಕು" ಅಂದರು. ಫೈನಲ್ ಒಂದು ಪಾಯಿಂಟಿನಿಂದ ಗೆದ್ದೆವು. ಆ ಪಾಯಿಂಟು ದೇವನೂರಿನವಳು ಕಂಬದಲ್ಲಿ ತಂದದ್ದು. ಬಿದ್ದವಳು ಎದ್ದು ನಿಂತು ಮೊದಲು ಹೇಳಿದ್ದು, "ಕಣ್ಣು ಬಿಟ್ಟಿದ್ದೆ ಕಣ್ರೇ" ಎಂದು. ನಾವೆಲ್ಲ ಅಲ್ಲೇ ಕೂತು ಅತ್ತೆವು. ಯಗಟಿಗೆ ಫೋನ್ ಮಾಡಿದೆ. "ಮೆಡಲ್ ಭಾರ ಐತೇನೇ?" ಎಂದಳು.

ಬೀರೂರು ಸ್ಟೇಷನ್ನಿನಲ್ಲಿ ಇಳಿದಾಗ ಹಾರ, ತಮಟೆ. ಮಾರನೆಯ ದಿನ ಮೇಷ್ಟ್ರಿಗೆ ಪಿ.ಎ. ಫೋನ್ ಬಂತು. ಬರುವ ಭಾನುವಾರ ತರೀಕೆರೆಯಲ್ಲಿ ದೊಡ್ಡ ಸಮಾರಂಭ. ನಾಯಕರು ಚಾಂಪಿಯನ್ ಹುಡುಗಿಯರನ್ನು ವೇದಿಕೆ ಮೇಲೆ ಸನ್ಮಾನಿಸುತ್ತಾರೆ, ಶಾಲು, ಫಲಕ, ಗ್ರೂಪ್ ಫೋಟೋ. ಎಲ್ಲರೂ ತಂಡದ ಜೆರ್ಸಿಯಲ್ಲೇ ಬರಬೇಕು.

ಮೇಷ್ಟ್ರು ನಮ್ಮನ್ನು ಬಯಲಿನಲ್ಲಿ ಕೂರಿಸಿ ವಿಷಯ ಹೇಳಿದರು. ಹೇಳುವಾಗ ನೆಲ ನೋಡುತ್ತಿದ್ದರು. "ತೀರ್ಮಾನ ನಿಮ್ದು. ನಾನು ಹೋಗಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ" ಎಂದು ಸ್ಕೂಟರಿನ ಹತ್ತಿರ ಹೋಗಿ ನಿಂತರು.

ನಾನು ಎದ್ದು ನಿಂತು ಹೇಳಿದೆ: "ನಾನಂತೂ ಹೋಗಲ್ಲ. ಯಗಟಿ ಕಾಲು ಮುರ್ದ ಜಾಗದಲ್ಲಿ ಕೂತಿದ್ದೀವಿ ನಾವೀಗ. ಅವ್ರ ಕೈಲಿ ಶಾಲು ಹಾಕಿಸ್ಕೊಂಡು ನಗ್ತಾ ಫೋಟೋ ತೆಗೆಸ್ಕೊಳ್ಳೋದಾ?"

ದೇವನೂರಿನವಳು ಮಾತ್ರ ಮೆಲ್ಲಗೆ ಅಂದಳು: "ಹೋಗಿ ಅಲ್ಲೇ ಕೇಳಿದ್ರೆ ಹೆಂಗೆ? ಮೈಕ್ ಇರುತ್ತೆ, ಜನ ಇರ್ತಾರೆ. ಗ್ರೌಂಡ್ ಬರ್ಕೊಡಿ ಅನ್ನೋಣ. ಯಗಟಿಗೊಂದು ಕೆಲ್ಸ ಕೊಡಿ ಅನ್ನೋಣ."

"ಬೇಡ್ಕೊಳ್ಳೋಕೆ ಗೆದ್ವಾ ನಾವು?" ಎಂದೆ. ಆ ಮಾತು ನನಗೇ ಬಹಳ ಇಷ್ಟವಾಯಿತು. ಉಳಿದವರಿಗೂ ಹಿಡಿಸಿತು. ಕೈ ಎತ್ತಿ ಅಂದಾಗ ಒಂಬತ್ತು ಕೈ ಎದ್ದವು, ಆಮೇಲೆ ಹನ್ನೊಂದು.

ಪತ್ರ ಬರೆದೆ. "ಮಾನ್ಯರೇ, ತಾವು ನೀಡಲಿರುವ ಸನ್ಮಾನವನ್ನು ನಾವು ವಿನಯದಿಂದ ನಿರಾಕರಿಸುತ್ತೇವೆ. ತಮ್ಮ ಹೆಲಿಪ್ಯಾಡಿಗಾಗಿ ಹಾಳಾದ ಮೈದಾನದಲ್ಲಿ ಕಾಲು ಕಳೆದುಕೊಂಡ ನಮ್ಮ ಗೆಳತಿಯ ಪರವಾಗಿ ಈ ನಿರ್ಧಾರ." ಹನ್ನೊಂದು ಸಹಿ. ಮೇಷ್ಟ್ರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. 'ಪರವಾಗಿ' ಎಂಬ ಮಾತಿನ ಮೇಲೆ ಬೆರಳಿಟ್ಟು ಕೇಳಿದರು.

"ಅವಳನ್ನ ಕೇಳಿದ್ರಾ?"

"ಕೇಳಿದ್ವಿ ಸರ್" ಎಂದೆ.

ಸುಳ್ಳು. ಯಾಕೆ ಹೇಳಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಒಪ್ಪುತ್ತಾಳೆ ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಒಂದೇ ಚಾಪೆಯಲ್ಲಿ ಮಲಗಿದವಳು, ಅವಳ ಮನಸ್ಸು ನನಗೆ ಗೊತ್ತಿಲ್ಲವೇ ಎಂಬ ಭರವಸೆ. ಭಾನುವಾರ ಎಲ್ಲರೂ ಯಗಟಿಗೆ ಹೋಗಿ, ಟ್ರೋಫಿ ಅವಳ ಕೈಗೆ ಕೊಟ್ಟು, "ನೋಡು, ನಿನಗೋಸ್ಕರ ಬೇಡ ಅಂದ್ವಿ" ಎಂದು ಹೇಳುವ ಗಳಿಗೆಯನ್ನು ನಾನು ಆಗಲೇ ಮನಸ್ಸಿನಲ್ಲಿ ಕಂಡುಬಿಟ್ಟಿದ್ದೆ. ಮೊದಲೇ ಕೇಳಿದರೆ ಆ ಗಳಿಗೆ ಇರುತ್ತಿರಲಿಲ್ಲ.

ಪತ್ರವನ್ನು ತರೀಕೆರೆಯ ಕಚೇರಿಗೆ ನಾನೂ ದೇವನೂರಿನವಳೂ ಕೊಟ್ಟುಬಂದೆವು. ಪಿ.ಎ. ಓದಿ ಮೊದಲು ನಕ್ಕರು. "ಏನಮ್ಮಾ ಇದು, ಮಕ್ಳಾಟ? ಅವರು ಕರೀತಿರೋದು ನಿಮ್ಮ ಪುಣ್ಯ" ಅಂದರು. ನಾವು ಕದಲದೆ ನಿಂತಾಗ ಅವರ ಮುಖ ಬಿಗಿಯಿತು. "ನಿಮ್ಮ ಮೇಷ್ಟ್ರು ಬರೆಸಿದ್ದಾ?" ಎಂದರು. ಇಲ್ಲ ಎಂದೆ. ಅವರು ನಂಬಲಿಲ್ಲ ಎಂಬುದು ಆಗಲೇ ಗೊತ್ತಾಯಿತು.

ಅದೇ ದಿನ ಸಂಜೆ ಪತ್ರದ ಫೋಟೋ ಎಲ್ಲ ಗ್ರೂಪುಗಳಿಗೆ ಹೋಯಿತು. ಕಳಿಸಿದವಳು ನಮ್ಮಲ್ಲೇ ಒಬ್ಬಳು. ಅವಳನ್ನು ನಾನು ದೂರುವುದಿಲ್ಲ, ನನಗೂ ಖುಷಿಯೇ ಆಗಿತ್ತು. ಮೂರು ದಿನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಹೊಗಳುವವರು, ಬೈಯುವವರು, ಮೇಷ್ಟ್ರ ಜಾತಿ ಮತ ಎತ್ತಿ ಕೊಳಕು ಮಾತಾಡುವವರು. ಸುದ್ದಿ ಪೋರ್ಟಲ್ ಒಂದರವರು ಗೆಳತಿಯ ಫೋಟೋ ಇದ್ದರೆ ಕಳಿಸಿ ಅಂದರು. ಆಸ್ಪತ್ರೆಯ ಮಂಚದ ಮೇಲೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಫೋಟೋ ನನ್ನ ಹತ್ತಿರ ಇತ್ತು. ಕಳಿಸಿದೆ. ಆ ಮೂರು ದಿನಗಳಲ್ಲಿ ಯಗಟಿಯ ಎರಡು ಮಿಸ್ಡ್ ಕಾಲ್ ಇದ್ದವು. ಭಾನುವಾರ ಹೇಗೂ ಹೋಗುತ್ತೇವಲ್ಲ ಎಂದು ಬಿಟ್ಟೆ.

ಭಾನುವಾರ ಬೆಳಿಗ್ಗೆ ಹನ್ನೊಂದು ಜನವೂ ಕಡೂರಿನಲ್ಲಿ ಸೇರಿ ಯಗಟಿ ಬಸ್ಸು ಹತ್ತಿದೆವು. ಟ್ರೋಫಿಯನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಕೊಂಡಿದ್ದೆ. ಕಂಡಕ್ಟರು ನಮ್ಮನ್ನು ಗುರುತು ಹಿಡಿದು, "ಇವತ್ತು ತರೀಕೆರೇಲಿ ಫಂಕ್ಷನ್ನು, ನೀವು ಈ ಕಡೆ!" ಎಂದು ನಕ್ಕರು. ತೆಂಗಿನ ತೋಟಗಳು, ರಾಗಿ ಹೊಲಗಳು ಹಿಂದೆ ಹೋದವು. ನಾವು ಹಾಡು ಹೇಳಿಕೊಂಡು ಹೋದೆವು.

ಅವಳ ಮನೆ ಮುಂದೆ ನಿಂತು ಎಲ್ಲರೂ ಒಟ್ಟಿಗೆ, "ಲೇ ಯಗಟಿ!" ಎಂದು ಕೂಗಿದೆವು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಆ ಊರಿನಲ್ಲಿ ಎಲ್ಲರೂ ಯಗಟಿಯವರೇ. ಅವಳ ತಾಯಿ ಬಾಗಿಲಿಗೆ ಬಂದರು. ನಮ್ಮನ್ನು ನೋಡಿ ಮುಖ ಅರಳಲಿಲ್ಲ. ಬನ್ನಿ ಅನ್ನಲು ಒಂದು ಗಳಿಗೆ ತಡವಾಯಿತು.

ಅವಳು ಒಳಗೆ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ನಮ್ಮ ತಂಡದ ಜೆರ್ಸಿ, ಇಸ್ತ್ರಿ ಮಾಡಿ ಮಡಚಿಟ್ಟದ್ದು. ನಾನು ಟ್ರೋಫಿ ಬಿಚ್ಚಿ ಅವಳ ಮುಂದಿಟ್ಟೆ. ಅಂದುಕೊಂಡಿದ್ದ ಮಾತನ್ನೇ ಹೇಳಿದೆ. "ನೋಡೇ, ನಿನಗೋಸ್ಕರ ಬೇಡ ಅಂದ್ವಿ."

ಅವಳು ಟ್ರೋಫಿಯನ್ನು ನೋಡಿದಳು, ಮುಟ್ಟಲಿಲ್ಲ. "ಚೆನ್ನಾಗೈತೆ" ಎಂದಳು.

ತಾಯಿ ಲೋಟಗಳಲ್ಲಿ ಮಜ್ಜಿಗೆ ತಂದರು. ಲೋಟ ಸಾಲದೆ ಪಕ್ಕದ ಮನೆಯಿಂದ ತಂದರು. ಕೊಡುತ್ತಾ ಕೊಡುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು: "ಅವ್ರ ಕಚೇರಿಯಿಂದ ಇವ್ಳಿಗೂ ಫೋನ್ ಬಂದಿತ್ತು ಕಣ್ರವ್ವ. ಲಿಸ್ಟಲ್ಲಿ ಹೆಸ್ರು ಐತೆ, ನೀನೂ ಬಾ, ಕಡೂರಿಂದ ಕಾರ್ ಕಳಿಸ್ತೀವಿ ಅಂದಿದ್ರು. ಇಸ್ಕೂಲ್ ಮೆಟ್ಲು ಹತ್ತಿ ಇಳ್ದು, ಹತ್ತಿ ಇಳ್ದು, ಮೂರು ದಿನ ಅದೇ ಮಾಡಿದ್ಲು. ಇಸ್ಟೇಜ್ ಮೇಲಕ್ಕೆ ಯಾರ ಕೈಯೂ ಹಿಡೀದೆ ಹತ್ಬೇಕು ಅಂತ."

"ಅವ್ವ, ಸುಮ್ನಿರು" ಎಂದಳು ಅವಳು.

"ನಿನ್ನೆ ಮತ್ತೆ ಫೋನ್ ಬಂತು. ನಿಮ್ ಟೀಮೇ ಬರಲ್ವಂತೆ, ನೀನೊಬ್ಳು ಬಂದು ಏನ್ಮಾಡ್ತೀಯ ಅಂದ್ರು." ಅಷ್ಟು ಹೇಳಿ ತಾಯಿ ಒಳಗೆ ಹೋದರು.

ನಾನು ಅವಳ ಪಕ್ಕಕ್ಕೆ ಸರಿದು ಕೂತೆ. "ನನಗೆ ಹೇಳ್ಬಾರ್ದಿತ್ತೇನೇ?" ಎಂದೆ. ಅಂದ ಮೇಲಷ್ಟೇ ಆ ಎರಡು ಮಿಸ್ಡ್ ಕಾಲ್ ನೆನಪಾಯಿತು.

"ಫೋನ್ ಮಾಡಿದ್ದೆ" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀವೆಲ್ಲ ಹೋಗ್ತೀರ ಅಂದ್ಕೊಂಡೆ. ನಾನು ಕೊನೇಗೆ ಹತ್ತೋಣ, ಅವ್ರ ಎದುರಿಗೆ ನಿಂತ್ಕೊಂಡು ನಾನೇ ಕೇಳೋಣ ಅಂತಿದ್ದೆ. ಸಾ, ಆ ಗ್ರೌಂಡ್ ನಮ್ಗೆ ಬರ್ಕೊಡಿ, ಅಲ್ಲೇ ನಂಗೊಂದು ಕೆಲ್ಸ ಕೊಡಿ, ಚಿಕ್ಕ ಮಕ್ಳಿಗೆ ಕಂಬ ಹಿಡಿಯೋದು ಹೇಳ್ಕೊಡ್ತೀನಿ ಅಂತ. ಏನ್ ಹೇಳ್ಬೇಕು ಅಂತ ಬರ್ದು ಬಾಯಿಪಾಠ ಮಾಡಿದ್ದೆ."

"ಅವ್ರು ಕೊಡ್ತಿದ್ರು ಅಂತೀಯಾ?" ಎಂದೆ. ಯಾಕೆ ಆ ಮಾತು ಬಂತೋ.

"ಕೊಡ್ತಿರ್ಲಿಲ್ಲ ಅನ್ಸುತ್ತೆ. ಆದ್ರೆ ಕೇಳೋದು ನಂದಾಗಿತ್ತಲ್ಲ ಕಣೇ. ಕಾಲು ನಂದಲ್ವಾ?"

ದೇವನೂರಿನವಳು ಎದ್ದು ಹೊರಗೆ ಹೋದಳು. ಯಗಟಿಯೇ ಮತ್ತೆ ನನ್ನನ್ನು ಕೇಳಿದಳು: "ಆ ಫೋಟೋ ಯಾಕ್ ಕೊಟ್ಟೆ? ನಾನ್ ಆಡ್ತಿರೋ ಫೋಟೋ ಒಂದೂ ಇರ್ಲಿಲ್ವಾ ನಿನ್ ಹತ್ರ?"

ಇದ್ದವು. ಹತ್ತಾರು ಇದ್ದವು. ಕಂಬ ಹಿಡಿದು ಅವಳು ಗಾಳಿಯಲ್ಲಿ ಅಡ್ಡಲಾಗಿ ನಿಂತಂತಿದ್ದ ಒಂದು ಫೋಟೋವನ್ನು ನಮ್ಮಪ್ಪ ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದರು. ಪೋರ್ಟಲಿನವರು ಕೇಳಿದಾಗ ಅದು ನನ್ನ ನೆನಪಿಗೇ ಬರಲಿಲ್ಲ.

ಅವಳ ಮೆಡಲನ್ನು ಮೇಷ್ಟ್ರು ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಪಟ್ಟಿಯಲ್ಲಿ ಹೆಸರಿದ್ದದ್ದರಿಂದ ಅವಳಿಗೂ ಒಂದು ಬಂದಿತ್ತು. ಕೊರಳಿಗೆ ಹಾಕಲು ಹೋದೆ. ಅವಳು ಕೈ ಚಾಚಿದಳು. ಅಂಗೈಯಲ್ಲಿಟ್ಟೆ. ಒಮ್ಮೆ ತೂಗಿ ನೋಡಿ ಜೆರ್ಸಿಯ ಮೇಲೆ ಇಟ್ಟಳು. ಊಟ ಮಾಡಿಕೊಂಡು ಹೋಗಿ ಅಂದಳು. ರಾಗಿ ರೊಟ್ಟಿ, ಹುರುಳಿಕಾಳಿನ ಸಾರು ಮಾಡಿದ್ದರು. ಉಂಡೆವು. ಬಸ್‌ಸ್ಟಾಪಿನವರೆಗೆ ಬರುತ್ತೇನೆಂದು ಹೊರಟಳು. ಬೇಡ ಅಂದರೂ ಬಂದಳು. ನಾವು ಹನ್ನೊಂದು ಓಟಗಾರ್ತಿಯರು ಅವಳ ನಡಿಗೆಗೆ ಹೊಂದಿಕೊಂಡು ನಡೆದೆವು. ಬಸ್ಸು ಬಂದಾಗ ಎಲ್ಲರೂ ಅವಳನ್ನು ತಬ್ಬಿಕೊಂಡರು. ನನ್ನ ಸರದಿ ಬಂದಾಗ ಅವಳ ಕೈಗಳು ನನ್ನ ಬೆನ್ನಿನ ಮೇಲೆ ಬಂದವು, ಆದರೆ ಹಿಡಿಯಲಿಲ್ಲ.

ಟ್ರೋಫಿಯನ್ನು ಅಲ್ಲೇ ಬಿಟ್ಟುಬಂದಿದ್ದೆವು. ಮುಂದಿನ ವಾರ ಅವಳ ಅಣ್ಣ ಅದನ್ನು ಅದೇ ಸೀರೆಯಲ್ಲಿ ಸುತ್ತಿ ತಂದು ನಮ್ಮ ಮನೆಯಲ್ಲಿ ಕೊಟ್ಟುಹೋದ. "ತಂಡದ್ದು ಅಂತೆ, ಅಲ್ಲೇ ಇರ್ಲಿ ಅಂದ್ಲು" ಎಂದ.

ಮೇಷ್ಟ್ರಿಗೆ ನಾನೇ ಹೋಗಿ ಹೇಳಿದೆ. ಶಾಲೆಯ ಆಟದ ಕೋಣೆಯಲ್ಲಿ ಹರಿದ ಬಲೆ ಹೊಲಿಯುತ್ತಿದ್ದರು. ಸುಳ್ಳು ಹೇಳಿದ್ದನ್ನೂ, ಯಗಟಿಯ ಮನೆಯಲ್ಲಿ ಆದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿ ಅತ್ತೆ. ಅವರು ಸೂಜಿ ಕೆಳಗಿಡಲಿಲ್ಲ. ಹೊಲಿಯುತ್ತಲೇ, "ನೀನು ಸುಳ್ಳು ಹೇಳ್ತಿದ್ದೀಯ ಅಂತ ನಂಗೆ ಆವತ್ತೇ ಅನ್ನಿಸ್ತು ಬೇಟಾ. ಒಂದು ಫೋನ್ ಮಾಡಿದ್ರೆ ಗೊತ್ತಾಗ್ತಿತ್ತು. ಆ ಪತ್ರ ಹೋಗ್ಲಿ ಅಂತ ನಂಗೂ ಆಸೆ ಇತ್ತು" ಅಂದರು. ಅವರ ಕಣ್ಣು ಕೆಂಪಾಗಿದ್ದವು. ಕಡೂರಿನ ಗೇಟಿನಲ್ಲಿ ನಿಂತ ಆ ಐದು ಗಂಟೆ ಅವರೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎಂದು ನನಗೆ ಆಗ ತಿಳಿಯಿತು.

ಆ ವರ್ಷದ ಕೊನೆಗೆ ಶಾಲೆಯವರು ಅವರಿಗೆ ಮುಂದಿನ ಜೂನ್‌ನಿಂದ ಬರುವುದು ಬೇಡ ಎಂದರು. ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ. ತರೀಕೆರೆಯಲ್ಲಿ ತಮ್ಮನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಾರೆ ಈಗ. ಹೋದಾಗಲೆಲ್ಲ ಟೀ ತರಿಸುತ್ತಾರೆ. ನನ್ನ ಶೂಗಳ ಹಿಮ್ಮಡಿ ಸವೆದಿರುವ ರೀತಿ ನೋಡಿ, "ಇನ್ನೂ ಎಡಗಾಲಿಗೇ ಭಾರ ಹಾಕ್ತೀಯ" ಎಂದು ಬೈಯುತ್ತಾರೆ. ಆಟದ ಬಗ್ಗೆ ಅದಕ್ಕಿಂತ ಹೆಚ್ಚು ಮಾತು ಬರುವುದಿಲ್ಲ. ತಂಡ ಇನ್ನೊಂದು ಸೀಸನ್ ಹೇಗೋ ಆಡಿ ಚದುರಿತು. ಬಯಲಿಗೆ ಈಗ ತಂತಿ ಬೇಲಿ ಬಂದಿದೆ, ಯಾವುದೋ ಕಟ್ಟಡಕ್ಕಂತೆ.

ನಾನು ಬಿ.ಪಿ.ಎಡ್. ಮುಗಿಸಿ ಕಡೂರಿನ ಹತ್ತಿರ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದೆ. ಯಗಟಿಯ ಮದುವೆಗೆ ಕರೆ ಬಂದಿತ್ತು, ಅಣ್ಣನ ಹೆಸರಿನಲ್ಲಿ ವಾಟ್ಸಾಪಿನಲ್ಲಿ. ಹೋಗಲು ಧೈರ್ಯ ಬರಲಿಲ್ಲ. ಜ್ವರ ಎಂದು ಹೇಳಿಕಳಿಸಿದೆ. ಅವಳ ವಿಷಯದಲ್ಲಿ ನನ್ನ ಎರಡನೆಯ ಸುಳ್ಳು ಅದು. ಎಷ್ಟೋ ಸಲ ಕ್ಷಮೆ ಕೇಳಿ ಮೆಸೇಜ್ ಬರೆದು ಅಳಿಸಿದ್ದೇನೆ. ಸನ್ಮಾನ ಬೇಡ ಅಂದದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ, ಆದ್ದರಿಂದಲೇ ಆ ಮೆಸೇಜನ್ನು ಹೇಗೆ ಬರೆದರೂ ಅದು ಸಮಜಾಯಿಷಿಯ ಹಾಗೆ ಕಾಣುತ್ತದೆ.

ಹೋದ ವರ್ಷ ಕಡೂರಿನಲ್ಲಿ ಶಾಲಾ ಮಕ್ಕಳ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಹುಡುಗಿಯರ ಖೋ ಖೋಗೆ ನಾನು ಅಂಪೈರ್. ಯಗಟಿ ಕಡೆಯ ಒಂದು ಹಳ್ಳಿಯ ಶಾಲೆಯ ತಂಡ ಬಂದಿತ್ತು. ಆ ಮಕ್ಕಳ ಜೊತೆ, ಕೈಯಲ್ಲಿ ನೀರಿನ ಬಾಟಲಿಗಳ ಚೀಲ ಹಿಡಿದು ಅವಳು ನಿಂತಿದ್ದಳು. ಆ ಊರಿಗೆ ಮದುವೆಯಾಗಿ ಹೋಗಿದ್ದಳಂತೆ. ಅಂಗನವಾಡಿಯಲ್ಲಿ ಸಹಾಯಕಿ. ಸಂಜೆ ಹೊತ್ತು ಮಕ್ಕಳನ್ನು ಆಡಿಸುತ್ತಾಳೆ ಎಂದು ಅವರ ಶಾಲೆಯ ಮೇಷ್ಟ್ರೊಬ್ಬರು ಹೇಳಿದರು. "ತುಂಬಾ ಚೆನ್ನಾಗಿ ಹೇಳ್ಕೊಡ್ತಾರೆ, ಮೊದ್ಲು ಆಡ್ತಿದ್ರೇನೋ" ಎಂದರು. ಅವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ.

ವಿರಾಮದಲ್ಲಿ ನಾನೇ ಹತ್ತಿರ ಹೋದೆ. ಏನೆಂದು ಕರೆಯುವುದು ಎಂದು ತಿಳಿಯದೆ ನಿಂತೆ. ಅವಳು ಮೈ ತುಂಬಿಕೊಂಡಿದ್ದಳು. ಮುಖದಲ್ಲಿ ಅದೇ ಸಮಾಧಾನ.

"ಚೆನ್ನಾಗಿದ್ದೀರಾ ಮೇಡಂ?" ಎಂದಳು.

ನನ್ನ ಬೆನ್ನಿಗೆ ಗುದ್ದಿ, ಲೇ ಎಂದು ಕರೆದು, ನನ್ನ ಕಂಬಳಿ ಎಳೆದುಕೊಂಡು ಮಲಗುತ್ತಿದ್ದವಳು. ಸುತ್ತ ಮಕ್ಕಳಿದ್ದಾರೆ, ಅಂಪೈರ್ ಬಟ್ಟೆಯಲ್ಲಿದ್ದೇನೆ, ಅದಕ್ಕೇ ಹಾಗೆ ಅಂದಳು ಎಂದುಕೊಂಡೆ. "ಯಾಕೆ ಹಂಗ್ ಕರೀತೀಯ?" ಎಂದೆ.

ಅವಳು ನಕ್ಕಳು. "ಅಮ್ಮ, ಅಪ್ಪ ಹೇಗವ್ರೆ ಮೇಡಂ? ಕೇಳ್ದೆ ಅಂತ ಹೇಳಿ" ಎಂದಳು. ಅಷ್ಟರಲ್ಲಿ ಅವಳ ಕಡೆಯ ಹುಡುಗಿಯೊಬ್ಬಳು ಶೂ ಲೇಸು ಬಿಚ್ಚಿಹೋಗಿದೆ ಎಂದು ಬಂದಳು. ಯಗಟಿಗೆ ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಮಗುವಿನ ಕಾಲನ್ನು ಬೆಂಚಿನ ಮೇಲೆ ಎತ್ತಿಸಿಕೊಂಡು, ನಿಂತೇ ಬಗ್ಗಿ ಲೇಸು ಕಟ್ಟತೊಡಗಿದಳು. ಕ್ಷಮಿಸು ಎಂಬ ಮಾತು ನನ್ನ ಬಾಯಲ್ಲಿತ್ತು. ಮೈಕಿನಲ್ಲಿ ಅಂಪೈರ್‌ಗಳು ಬರಬೇಕು ಎಂದು ಕೂಗಿದರು.

"ಹೋಗಿ ಮೇಡಂ, ಕರೀತಾವ್ರೆ" ಎಂದಳು, ತಲೆ ಎತ್ತದೆ.

ನಾನು ಹೋಗಿ ಗೆರೆಯ ಮೇಲೆ ನಿಂತು ಸೀಟಿ ಊದಿದೆ.